ಮಕ್ಕಳಿಗೆ ದೆವ್ವ ಇರೋ ಕೌಬಾಯ್ ಸಾಹಸ ಕಥೆ ಬರೆಯೋದು ಹೇಗೆ: ಶುರುವಿಂದ ಕೊನೇವರೆಗೂ

ನಮ್ಮಲ್ಲಿ ತುಂಬಾ ಜನಕ್ಕೆ ಕೌಬಾಯ್ ಕಥೆ ಅಂದ್ರೆ ಒಂದು ಟೋಪಿ, ಒಂದು ಕುದುರೆ, ಸಲೂನ್ (ಅಲ್ಲಿ ಹೆಂಡದಂಗಡಿಗೆ ಹಾಗಂತಾರೆ) ಬಾಗಿಲು ಕಿರ್ರ್ ಅಂತ ತಳ್ಕೊಂಡು ಒಳಗೆ ಬರೋ ಗಡ್ಡದವನು, ಆಮೇಲೆ ಢಂ ಢಂ. ನಾನೂ ಮೊದಲನೇ ಸಲ ಹಾಗೇ ಬರೆದಿದ್ದು, ಅದಕ್ಕೊಂದು ದೆವ್ವ ಸೇರಿಸಿದ್ದೆ ಅಷ್ಟೇ. ಅಕ್ಕನ ಮಗನಿಗೆ ಹನ್ನೊಂದು ವರ್ಷ, ಅವನನ್ನ ಕೂರಿಸ್ಕೊಂಡು ಓದಿ ಹೇಳಿದೆ, ದೆವ್ವ ಎಂಟ್ರಿ ಕೊಡೋ ಹೊತ್ತಿಗೆ ಅವನು ಆಕಳಿಸ್ತಾ ಇದ್ದ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಮಾಮ, ಈ ಊರಲ್ಲಿ ಯಾರೂ ಕೆಲಸನೇ ಮಾಡಲ್ವಾ?"

ಆ ಪ್ರಶ್ನೆ ನನ್ನ ಇಡೀ ಡ್ರಾಫ್ಟನ್ನ ಹರಿದು ಹಾಕ್ತು. ನಿಜ ಅಲ್ವಾ, ಯಾರೂ ದನ ಕಾಯಲ್ಲ, ನೀರು ಸೇದಲ್ಲ, ಲಾಳ ಕಟ್ಟಲ್ಲ, ಎಲ್ಲರೂ ದೆವ್ವ ಬರಲಿ ಅಂತ ಕಾಯ್ತಾ ಕೂತಿದಾರೆ! ಅಲ್ಲಿಂದ ಮತ್ತೆ ಶುರು ಮಾಡಿ, ಎರಡು ಮೂರು ಸಲ ಕೆಡಿಸಿ, ಕಲಿತಿದ್ದನ್ನ ಕೆಳಗೆ ಹಾಕ್ತಾ ಇದೀನಿ. ಒಂಬತ್ತರಿಂದ ಹದಿಮೂರು ವರ್ಷದ ಮಕ್ಕಳನ್ನ ಮನಸ್ಸಲ್ಲಿ ಇಟ್ಕೊಂಡು ಹೇಳ್ತಿರೋದು. ಉದಾಹರಣೆಗೆ ಒಂದೇ ಕಥೆ ತಗೊಂಡು ಕೊನೇವರೆಗೂ ಎಳ್ಕೊಂಡು ಹೋಗ್ತೀನಿ, ಆಗ ಅರ್ಥ ಆಗೋದು ಸುಲಭ.

ಸ್ಟೆಪ್ 1: ಜಾಗ, ವರ್ಷ ಎರಡನ್ನೂ ಫಿಕ್ಸ್ ಮಾಡಿ

"ಅಮೆರಿಕದ ಪಶ್ಚಿಮದಲ್ಲಿ ಒಂದು ಊರು" ಅಂತ ಬರೆದ್ರೆ ಅಲ್ಲಿಗೇ ಕಥೆ ಸತ್ತೋಯ್ತು. ಅದು "ಏಷ್ಯಾದಲ್ಲಿ ಒಂದು ಊರು" ಅಂದ ಹಾಗೆ. ಕ್ಯಾನ್ಸಸ್ ಹುಲ್ಲುಗಾವಲು ಬೇರೆ, ಅರಿಜೋನಾ ಮರುಭೂಮಿ ಬೇರೆ, ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲಿನ ಚಿನ್ನದ ಗಣಿ ಊರು ಬೇರೆನೇ. ಚಿತ್ರಗಳಲ್ಲಿ ಕೈ ಎತ್ಕೊಂಡು ನಿಂತಿರೋ ಹಾಗೆ ಕಾಣೋ ಎತ್ತರದ ಕಳ್ಳಿ ಇದ್ಯಲ್ಲ, ಸಗ್ವಾರೋ ಅಂತ ಬರೀತಾರೆ, ಅಲ್ಲಿನೋರು ಸವಾರೋ ಅಂತಾರೆ, ಅದು ಬೆಳೆಯೋದು ಸೊನೋರಾ ಮರುಭೂಮೀಲಿ ಮಾತ್ರ, ಅಂದ್ರೆ ಮುಖ್ಯವಾಗಿ ದಕ್ಷಿಣ ಅರಿಜೋನಾ ಮತ್ತೆ ಅದಕ್ಕೆ ಅಂಟಿಕೊಂಡ ಮೆಕ್ಸಿಕೋ. ಟೆಕ್ಸಸ್ ಕಥೆಯ ಕವರ್ ಮೇಲೆ ಅದನ್ನ ಬಿಡಿಸಿರೋದು ನೋಡಿದ್ರೆ ನಂಗೆ ಮೈ ಉರಿಯುತ್ತೆ. ಇನ್ನೊಂದು ವಿಷ್ಯ, ಅದಕ್ಕೆ ಮೊದಲ ಕೈ ಮೂಡೋಕೇ ಐವತ್ತು ವರ್ಷದ ಮೇಲೆ ಬೇಕು. ಅಂದ್ರೆ ನಿಮ್ಮ ಕಥೇಲಿ ನಾಲ್ಕು ಕೈಯಿರೋ ಕಳ್ಳಿ ನಿಂತಿದ್ರೆ ಅದು ಅಲ್ಲಿರೋ ಎಲ್ಲರಿಗಿಂತ ಹಿರೀದು, ಎಲ್ಲಾ ನೋಡಿದೆ. ದೆವ್ವದ ಕಥೆಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಎಲ್ಲಿ ಸಿಗುತ್ತೆ ಹೇಳಿ.

ವರ್ಷ ಯಾಕೆ ಬೇಕು ಅಂದ್ರೆ, ಎರಡು ಮೂರು ವರ್ಷದಲ್ಲೇ ಅಲ್ಲಿ ಬದುಕು ಬದಲಾಗ್ತಿತ್ತು. ಪೋನಿ ಎಕ್ಸ್‌ಪ್ರೆಸ್ ಅಂತ ಕುದುರೆ ಮೇಲೆ ಟಪಾಲು ಹೊತ್ಕೊಂಡು ಹೋಗೋ ಸರ್ವಿಸ್ ನಡೆದಿದ್ದು 1860ರ ಏಪ್ರಿಲಿಂದ 1861ರ ಅಕ್ಟೋಬರ್ ತನಕ, ಬರೀ ಹದಿನೆಂಟು ತಿಂಗಳು, ಟೆಲಿಗ್ರಾಫ್ ತಂತಿ ಬಂದ ತಕ್ಷಣ ಅಂಗಡಿ ಬಂದ್. ಖಂಡದ ಎರಡೂ ಕಡೆ ಸೇರಿಸೋ ರೈಲು ಹಳಿ ಯೂಟಾದಲ್ಲಿ ಕೂಡಿದ್ದು 1869ರ ಮೇ 10ಕ್ಕೆ. ಗ್ಲಿಡನ್ ಅನ್ನೋರು ಮುಳ್ಳುತಂತಿಗೆ ಪೇಟೆಂಟ್ ತಗೊಂಡಿದ್ದು 1874ರಲ್ಲಿ, ಆಮೇಲೆ ಬೇಲಿ ಬಂತು, ಟೆಕ್ಸಸ್ಸಿಂದ ಕ್ಯಾನ್ಸಸ್‌ಗೆ ಸಾವಿರಾರು ದನ ಹೊಡ್ಕೊಂಡು ಹೋಗೋ ಕಾಲ ನಿಧಾನಕ್ಕೆ ಮುಗೀತು. ಹಾಗಾಗಿ ವರ್ಷ ಗೊತ್ತಿದ್ರೆ ನಿಮ್ಮ ಹುಡುಗ ಸಹಾಯಕ್ಕೆ ತಂತಿ ಕಳಿಸಬಹುದಾ, ರೈಲು ಹತ್ತಬಹುದಾ, ಬೇಲಿ ದಾಟಬೇಕಾ ಅನ್ನೋದೆಲ್ಲ ತಾನಾಗೇ ತೀರ್ಮಾನ ಆಗುತ್ತೆ.

ನಾನು ಆರಿಸಿದ್ದು ಅರಿಜೋನಾ, 1884. ವಿಲ್‌ಕಾಕ್ಸ್ ಅನ್ನೋ ರೈಲ್ವೆ ಸ್ಟೇಷನ್ ಊರಿಂದ ಉತ್ತರಕ್ಕೆ ಗ್ಲೋಬ್ ಅನ್ನೋ ಗಣಿ ಊರಿಗೆ ಹೋಗೋ ಗಾಡಿದಾರಿ. ಗ್ಲೋಬ್‌ಗೆ ರೈಲು ಬಂದಿದ್ದು 1898ಕ್ಕೆ, ಅಲ್ಲೀತನಕ ಹಿಟ್ಟು, ಮೊಳೆ, ಯಂತ್ರದ ಭಾಗ ಎಲ್ಲಾ ಹೇಸರಗತ್ತೆ ಎಳೆಯೋ ಗಾಡಿಗಳಲ್ಲೇ ಹೋಗ್ಬೇಕು. ನೋಡಿ, ಅಕ್ಕನ ಮಗ ಕೇಳಿದ ಕೆಲಸ ಇಲ್ಲೇ ಸಿಕ್ತು.

ಸ್ಟೆಪ್ 2: ದೆವ್ವವನ್ನ ಹುಟ್ಟಿಸಬೇಡಿ, ಆ ನೆಲದಲ್ಲೇ ಹುಡುಕಿ

ಇದು ಈ ಗೈಡಿನ ಮುಖ್ಯ ಭಾಗ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಬಿಳಿ ಸೀರೆ ದೆವ್ವಕ್ಕೆ ಕೌಬಾಯ್ ಟೋಪಿ ಹಾಕಿದ್ರೆ ವರ್ಕ್ ಆಗಲ್ಲ. ಆ ನೆಲದ ಜನ ನಿಜವಾಗ್ಲೂ ಯಾವುದನ್ನ ನೋಡಿ ಹೆದರಿದ್ರು ಅಂತ ಹುಡುಕಿ, ಸಿಕ್ಕಾಪಟ್ಟೆ ಇದೆ. ಗುಡುಗು ಸಿಡಿಲಿನ ರಾತ್ರಿ ದನಗಳ ಕೊಂಬಿನ ತುದೀಲಿ, ಕುದುರೆ ಕಿವೀಲಿ ನೀಲಿ ಬೆಳಕು ಕುಣಿಯೋದನ್ನ ದನ ಕಾಯೋರು ಕಂಡಿದ್ರು, ಅದು ಗಾಳೀಲಿ ತುಂಬಿರೋ ವಿದ್ಯುತ್ತು, ಹಡಗಿನ ಪಟಸ್ತಂಭದ ಮೇಲೂ ಕಾಣಿಸುತ್ತೆ, ಆದ್ರೆ ಎರಡು ಸಾವಿರ ದನದ ಮಧ್ಯ ಕತ್ತಲಲ್ಲಿ ಒಬ್ಬನೇ ಕೂತಿರೋ ಹುಡುಗನಿಗೆ ಅದನ್ನ ಹೇಳಿ ನೋಡಿ! ಟೆಕ್ಸಸ್‌ನ ಮಾರ್ಫಾ ಊರ ಹತ್ರ ರಾತ್ರಿ ದೂರದಲ್ಲಿ ಬೆಳಕಿನ ಉಂಡೆಗಳು ಕಾಣಿಸುತ್ತೆ ಅಂತ ಕಥೆ, ಈಗ ಕಾಣೋದ್ರಲ್ಲಿ ಬಹುಪಾಲು ಹೈವೇ ಕಾರುಗಳ ಹೆಡ್‌ಲೈಟು ಅಂತ ಪರೀಕ್ಷೆ ಮಾಡಿದೋರು ಹೇಳಿದಾರೆ. ನಮ್ಮ ಕೊಳ್ಳಿದೆವ್ವದ ಕಥೆ ಕೇಳಿ ಬೆಳೆದೋರಿಗೆ ಇದು ಹೊಸದೇನಲ್ಲ. ಕ್ಯಾಲಿಫೋರ್ನಿಯಾದ ಬೋಡಿ ಅನ್ನೋ ಪಾಳುಬಿದ್ದ ಗಣಿ ಊರು 1962ರಿಂದ ಸರ್ಕಾರಿ ಪಾರ್ಕು, ಅಲ್ಲಿಂದ ಒಂದು ಮೊಳೆ, ಒಂದು ಗಾಜಿನ ಚೂರು ಎತ್ಕೊಂಡು ಹೋದೋರಿಗೆ ಕೆಟ್ಟದಾಗುತ್ತೆ ಅಂತ ನಂಬಿಕೆ, ಜನ ಕ್ಷಮೆ ಕೇಳಿ ಕಾಗದ ಬರೆದು ಸಾಮಾನು ವಾಪಸ್ ಪೋಸ್ಟ್ ಮಾಡ್ತಾರೆ. ಇದೊಂದ್ರಲ್ಲೇ ಇನ್ನೊಂದು ಪುಸ್ತಕಕ್ಕಾಗೋಷ್ಟು ಸರಕಿದೆ, ಯಾರಾದ್ರೂ ಬರೀರಿ.

ನಂಗೆ ಸಿಕ್ಕಿದ್ದು ಇವೆಲ್ಲಕ್ಕಿಂತ ಮಜವಾದದ್ದು: ಒಂಟೆ.

ಹೌದು, ಅಮೆರಿಕದಲ್ಲಿ ಒಂಟೆ. 1855ರಲ್ಲಿ ಅಲ್ಲಿನ ಸಂಸತ್ತು ಸೈನ್ಯಕ್ಕೆ ಒಂಟೆ ತರೋಕೆ 30,000 ಡಾಲರ್ ಕೊಡ್ತು. 1856ರಲ್ಲಿ ಹಡಗಿನಲ್ಲಿ 34 ಒಂಟೆ ಟೆಕ್ಸಸ್ ತೀರಕ್ಕೆ ಬಂದಿಳಿದ್ವು, ಮರುವರ್ಷ ಇನ್ನೂ 41. ಜೊತೆಗೆ ಆಟೊಮನ್ ಸಾಮ್ರಾಜ್ಯದ ಕಡೆಯಿಂದ ಒಂಟೆ ನೋಡ್ಕೊಳ್ಳೋಕೆ ಜನಾನೂ ಬಂದ್ರು, ಅವರಲ್ಲಿ ಹಾಜಿ ಅಲಿ ಅನ್ನೋರ ಹೆಸರು ಸೈನಿಕರ ನಾಲಿಗೇಲಿ ಹೊರಳದೆ "ಹೈ ಜಾಲಿ" ಆಗೋಯ್ತು, ಅವರು ಅರಿಜೋನಾದಲ್ಲೇ ಉಳಿದು 1902ರಲ್ಲಿ ತೀರಿಕೊಂಡ್ರು, ಕ್ವಾರ್ಟ್ಸ್‌ಸೈಟ್ ಊರಲ್ಲಿ ಅವರ ಸಮಾಧಿ ಮೇಲೆ ಕಲ್ಲಿನ ಪಿರಮಿಡ್ಡು, ಅದರ ತುದೀಲಿ ಒಂಟೆ. ಒಂಟೆಗಳು ಕೆಲಸ ಚೆನ್ನಾಗೇ ಮಾಡಿದ್ವು, ಭಾರ ಹೊತ್ವು, ನೀರಿಲ್ದೆ ದಿನಗಟ್ಟಲೆ ನಡೆದ್ವು, ಆದ್ರೆ ಅವುಗಳ ವಾಸನೆಗೇ ಕುದುರೆ, ಹೇಸರಗತ್ತೆ ಎಲ್ಲಾ ಬೆದರಿ ಓಡ್ತಿದ್ವು, ಸೈನಿಕರಿಗೂ ಅವುಗಳ ಸ್ವಭಾವ ಆಗಿಬರಲಿಲ್ಲ. ಅಷ್ಟರಲ್ಲಿ ಅಂತರ್ಯುದ್ಧ ಶುರು. ಕೆಲವನ್ನ ಹರಾಜು ಹಾಕಿದ್ರು, ಕೆಲವು ಮರುಭೂಮಿ ಸೇರ್ಕೊಂಡ್ವು.

ಇಲ್ಲಿಂದ ದಂತಕಥೆ. 1883ರಲ್ಲಿ ಅರಿಜೋನಾದ ಈಗಲ್ ಕ್ರೀಕ್ ಹತ್ರ ಒಬ್ಬ ಹೆಂಗಸನ್ನ ಯಾವುದೋ ದೊಡ್ಡ ಪ್ರಾಣಿ ತುಳಿದು ಸಾಯಿಸ್ತಂತೆ, ಪೊದೇಲಿ ಕೆಂಪು ಕೂದಲು ಸಿಕ್ತಂತೆ. ಆಮೇಲೆ ಅದು ಅಲ್ಲಲ್ಲಿ ಕಾಣಿಸ್ಕೊಳ್ತಾ ಹೋಯ್ತು, ಬೆನ್ನ ಮೇಲೆ ಏನೋ ಇದೆ, ಮನುಷ್ಯನ ಥರ ಇದೆ, ಅಲ್ಲಾಡಲ್ಲ. ಒಂದು ಸಲ ಗಣಿ ಹುಡುಕೋರು ಗುಂಡು ಹೊಡೆದಾಗ ಅದರ ಬೆನ್ನಿಂದ ಒಂದು ತಲೆಬುರುಡೆ ಉದುರಿ ಬಿತ್ತಂತೆ. ಜನ ಇಟ್ಟ ಹೆಸರು ಕೆಂಪು ಭೂತ. 1893ರಲ್ಲಿ ಒಬ್ಬ ರೈತ ತನ್ನ ತೋಟದಲ್ಲಿ ಮೇಯ್ತಿದ್ದ ಕೆಂಪು ಒಂಟೆಯನ್ನ ಹೊಡೆದ, ಅದರ ಮೈಮೇಲೆ ಚರ್ಮದ ಪಟ್ಟಿ ಬಿಗಿದ ಗಾಯದ ಗುರುತಿತ್ತು ಅನ್ನೋದ್ರೊಂದಿಗೆ ದಂತಕಥೆ ಮುಗಿಯುತ್ತೆ. ಸೈನ್ಯ ಒಂಟೆ ತಂದಿದ್ದು ದಾಖಲೆ, ಬೆನ್ನ ಮೇಲಿನ ಅಸ್ಥಿಪಂಜರ ಜನ ಹೇಳ್ಕೊಂಡು ಬಂದಿದ್ದು. ಈ ಎರಡರ ಮಧ್ಯದ ಸಂದೀಲೇ ನಿಮ್ಮ ಕಥೆ ಕೂರಬೇಕು.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ನವಾಹೋ ಥರದ ಮೂಲನಿವಾಸಿ ಸಮುದಾಯಗಳ ನಂಬಿಕೆಯಲ್ಲಿರೋ ಕೆಲವು ಶಕ್ತಿಗಳನ್ನ ಇಂಟರ್ನೆಟ್ಟಲ್ಲಿ ಎಲ್ಲರೂ ರಾಕ್ಷಸ ಮಾಡಿ ಬಳಸ್ತಾರೆ. ಆ ಜನ ಅದರ ಬಗ್ಗೆ ಹೊರಗಿನೋರ ಹತ್ರ ಮಾತಾಡೋಕೂ ಇಷ್ಟಪಡಲ್ಲ. ನಮ್ಮೂರ ದೈವವನ್ನ ಯಾರೋ ಬಂದು ಕಾಮಿಡಿ ಭೂತ ಮಾಡಿದ್ರೆ ನಮಗೆ ಹೇಗಾಗುತ್ತೋ ಹಾಗೇ. ಬಿಟ್ಬಿಡಿ. ಹಾಗಂತ ಅವರನ್ನ ಕಥೆಯಿಂದ ಅಳಿಸಬೇಡಿ: ವಿಲ್‌ಕಾಕ್ಸ್ ಗ್ಲೋಬ್ ಸೀಮೇಲೇ ಅಪಾಚಿ ಅನ್ನೋ ಮೂಲನಿವಾಸಿಗಳ ಸ್ಯಾನ್ ಕಾರ್ಲೋಸ್ ಮೀಸಲು ಪ್ರದೇಶ ಇದೆ, 1872ರಿಂದ. ಅಲ್ಲೊಬ್ಬ ಅಪಾಚಿ ಹುಡುಗ ಬಂದ್ರೆ ಅವನಿಗೂ ಹೆಸರು, ಕೆಲಸ, ತಮಾಷೆ, ಹಸಿವು ಎಲ್ಲಾ ಕೊಡಿ, ದೆವ್ವದ ರಹಸ್ಯ ಬಿಡಿಸಿ ಹೇಳೋ ಮಾಂತ್ರಿಕನ ಪಾತ್ರ ಮಾತ್ರ ಬೇಡ.

ಸ್ಟೆಪ್ 3: ದೆವ್ವಕ್ಕೆ ಏನು ಬೇಕು?

ಕಾರಣ ಇಲ್ದೆ ಹೆದರಿಸೋ ದೆವ್ವ ಎರಡು ಚಾಪ್ಟರಿಗೆ ಬೋರ್ ಹೊಡೆಯುತ್ತೆ. ಕೆಂಪು ಒಂಟೆ ಮೇಲಿರೋದು ಯಾರು? ಹೇಳೋರು ಎರಡು ಥರ ಹೇಳ್ತಾರೆ: ಒಂಟೆ ಸವಾರಿಗೆ ಹೆದರ್ತಿದ್ದ ಒಬ್ಬ ಸೈನಿಕನನ್ನ ಜೊತೆಯೋರೇ ಬಿಗಿದು ಕಟ್ಟಿದ್ರು, ಒಂಟೆ ಓಡೋಯ್ತು ಅಂತ ಒಂದು. ಬಾಯಾರಿ ಸಾಯ್ತಿದ್ದ ಒಬ್ಬ ಮನುಷ್ಯ, ಒಂಟೆ ಹೇಗಾದ್ರೂ ನೀರು ಹುಡುಕುತ್ತೆ ಅಂತ ನಂಬಿ ತನ್ನನ್ನ ತಾನೇ ಕಟ್ಕೊಂಡ ಅಂತ ಇನ್ನೊಂದು. ನಾನು ಎರಡನೇದು ತಗೊಂಡೆ, ಯಾಕಂದ್ರೆ ಮೊದಲನೇದ್ರಲ್ಲಿ ಬೇಕಾಗಿರೋದು ಸೇಡು, ಎರಡನೇದ್ರಲ್ಲಿ ನೀರು ಮತ್ತೆ ಮಣ್ಣು. ಹನ್ನೆರಡು ವರ್ಷದ ಮಗು ಸೇಡು ತೀರಿಸೋಕಾಗಲ್ಲ, ಆದ್ರೆ ಹಗ್ಗ ಕೊಯ್ದು ಕೆಳಗಿಳಿಸಿ ಮಣ್ಣು ಮಾಡಬಹುದು.

ಆಮೇಲೆ ರೂಲ್ಸ್. ಮೂರೇ ಸಾಕು, ಬರೆದು ಗೋಡೆಗೆ ಅಂಟಿಸ್ಕೊಳ್ಳಿ. ನನ್ನವು ಹೀಗಿದ್ವು: ಅದು ನೀರಿನ ಹತ್ರ ಮಾತ್ರ ಬರುತ್ತೆ. ಅದು ಬರೋ ಮೊದಲು ಪ್ರಾಣಿಗಳಿಗೆ ಗೊತ್ತಾಗುತ್ತೆ. ಅದನ್ನ ಮಾತಾಡಿಸಿದ್ರೆ ನಿಲ್ಲುತ್ತೆ, ಗುಂಡು ಹೊಡೆದ್ರೆ ಓಡುತ್ತೆ. ಈ ಮೂರನ್ನ ಒಂದು ಸಲಾನೂ ಮುರಿಯಬೇಡಿ. ಕ್ಲೈಮ್ಯಾಕ್ಸಲ್ಲಿ ಅನುಕೂಲಕ್ಕೆ ಒಂದು ಹೊಸ ಶಕ್ತಿ ಕೊಟ್ರಿ ಅಂದ್ರೆ ಮಕ್ಕಳು ಅಲ್ಲೇ ಹಿಡೀತಾರೆ, ಲೂಡೋದಲ್ಲಿ ಮೋಸ ಮಾಡಿದ ಹಾಗೆ.

ಎರಡನೇ ರೂಲ್ ನೋಡಿ, ಅದಕ್ಕೆ ನಿಜವಾದ ಕಾರಣಾನೂ ಇದೆ, ಒಂಟೆ ವಾಸನೆ. ಹೇಸರಗತ್ತೆ ಬೆದರಿದ್ದು ವಾಸನೆಗೋ ದೆವ್ವಕ್ಕೋ ಅಂತ ಕೊನೇವರೆಗೂ ಹೇಳಬೇಡಿ.

ಸ್ಟೆಪ್ 4: ಮಗುವಿಗೆ ಕೆಲಸ ಕೊಡಿ

ಕಥಾನಾಯಕಿ ರೋಸಾ, ಹನ್ನೆರಡು ವರ್ಷ, ಅವರಪ್ಪ ಗಾಡಿ ಹೊಡೆಯೋರು, ಮೆಕ್ಸಿಕೋ ಮೂಲದ ಕುಟುಂಬ. ಇದು ಬಲವಂತದ ವೆರೈಟಿ ಅಲ್ಲ, ನಿಜ ಪಶ್ಚಿಮ ಹಾಗೇ ಇತ್ತು. ದನ ಸಾಕೋ ವಿದ್ಯೆ ಬಹುಪಾಲು ಬಂದಿದ್ದೇ ಮೆಕ್ಸಿಕೋದ ವಾಕೇರೋಗಳಿಂದ, ಅಂದ್ರೆ ಕುದುರೆ ಮೇಲೆ ದನ ಕಾಯೋರಿಂದ, ರೋಡಿಯೋ, ಲ್ಯಾಸೊ (ಕುಣಿಕೆ ಹಗ್ಗ) ಎಲ್ಲಾ ಸ್ಪ್ಯಾನಿಷ್ ಕಡೆಯ ಪದಗಳೇ. ಕೌಬಾಯ್‌ಗಳಲ್ಲಿ ನಾಲ್ಕರಲ್ಲಿ ಒಬ್ಬರು ಕಪ್ಪು ಜನಾಂಗದೋರು ಅಂತ ಇತಿಹಾಸಕಾರರ ಅಂದಾಜು. ಗುಲಾಮರಾಗಿ ಹುಟ್ಟಿದ ಬ್ಯಾಸ್ ರೀವ್ಸ್ 1875ರಲ್ಲಿ ಡೆಪ್ಯುಟಿ ಮಾರ್ಷಲ್, ಅಂದ್ರೆ ಕೇಂದ್ರ ಸರ್ಕಾರದ ಪೊಲೀಸ್ ಅಧಿಕಾರಿ ಆದ್ರು. ರೈಲು ಹಳಿ ಹಾಕಿದೋರಲ್ಲಿ ಸಾವಿರಾರು ಚೀನೀಯರು. ಸಿನಿಮಾ ತೋರಿಸಿದ್ದಕ್ಕಿಂತ ನಿಜ ತುಂಬಾ ಬಣ್ಣಬಣ್ಣ.

ರೋಸಾ ಕೆಲಸ ಏನು? ಬೆಳಗ್ಗೆ ಹೇಸರಗತ್ತೆಗಳ ಗೊರಸು ನೋಡೋದು, ನೀರಿನ ಪೀಪಾಯಿ ಎಷ್ಟಿದೆ ಅಂತ ಕೋಲು ಬಿಟ್ಟು ಅಳೆಯೋದು, ಸೌದೆ ಆಯೋದು. ಈ ಮೂರೂ ಕೆಲಸ ಆಮೇಲೆ ಕಥೇಲಿ ಉಪಯೋಗಕ್ಕೆ ಬರಬೇಕು. ಗೊರಸು ನೋಡೋ ಹುಡುಗಿಗೆ ನೆಲದ ಮೇಲೆ ಬಿದ್ದ ಗುರುತು ಕುದುರೇದಲ್ಲ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗುತ್ತೆ: ತಟ್ಟೆಯಷ್ಟಗಲ, ಮೆತ್ತಗೆ, ಮುಂದೆ ಎರಡು ಬೆರಳು, ಲಾಳ ಇಲ್ಲ. ಪೀಪಾಯಿ ಅಳೆಯೋ ಹುಡುಗಿಗೆ ರಾತ್ರಿ ಯಾರೋ ನೀರು ಕುಡಿದಿರೋದು ಗೊತ್ತಾಗುತ್ತೆ.

ಸ್ಟೆಪ್ 5: ಲೆಕ್ಕ ಹಾಕಿ

ಬೋರ್ ಅನ್ಸುತ್ತೆ, ಆದ್ರೂ ಮಾಡಿ. ಭಾರ ತುಂಬಿದ ಗಾಡಿ ದಿನಕ್ಕೆ ಹೋಗೋದು ಇಪ್ಪತ್ತು ಕಿಲೋಮೀಟರ್ ಆಸುಪಾಸು. ಕುದುರೆ ನಡೆಯೋದು ಗಂಟೆಗೆ ಆರು ಕಿಲೋಮೀಟರ್ ಲೆಕ್ಕ, ಇಡೀ ದಿನ ನಾಗಾಲೋಟದಲ್ಲಿ ಓಡೋಕೆ ಅದೇನು ಬೈಕಲ್ಲ. ಒಂದು ಕುದುರೆಗೆ ದಿನಕ್ಕೆ ಇಪ್ಪತ್ತರಿಂದ ನಲವತ್ತು ಲೀಟರ್ ನೀರು, ಸೆಖೆಗೆ ಇನ್ನೂ ಜಾಸ್ತಿ. ಆರು ಪ್ರಾಣಿ ಇದ್ರೆ ಗುಣಿಸಿ ನೋಡಿ. ಮುಂದಿನ ನೀರಿನ ಜಾಗ ಒಂದೂವರೆ ದಿನ ದೂರ ಇದ್ದು ಪೀಪಾಯಿ ಅರ್ಧ ಆಗಿದ್ರೆ ಟೆನ್ಶನ್ ತಾನಾಗೇ ಬಂತು, ದೆವ್ವ ಇನ್ನೂ ಬಂದೇ ಇಲ್ಲ.

ಚಂದ್ರನ ಲೆಕ್ಕಾನೂ ಇಡಿ. ಸೋಮವಾರ ಹುಣ್ಣಿಮೆ ಅಂದು ಗುರುವಾರ ಸಂಜೆ ಏಳಕ್ಕೇ ಚಂದ್ರ ನೆತ್ತಿ ಮೇಲಿದ್ದ ಅಂತ ಬರೆಯೋರಿದಾರೆ. ಕೃಷ್ಣಪಕ್ಷ ಶುಕ್ಲಪಕ್ಷ ಕ್ಯಾಲೆಂಡರಲ್ಲಿ ದಿನಾ ನೋಡೋ ನಾವು ಆ ತಪ್ಪು ಮಾಡಬಾರದು.

ಮಳೇನೂ ಲೆಕ್ಕಕ್ಕೆ ಬರುತ್ತೆ. ಅರಿಜೋನಾದಲ್ಲೂ ಮಾನ್ಸೂನ್ ಇದೆ, ಅದೇ ಹೆಸರು, ಜುಲೈಯಿಂದ ಸೆಪ್ಟೆಂಬರ್ ಜೋರು. ಜೂನ್ 24ರ ಸಂತ ಜಾನ್ ಹಬ್ಬಕ್ಕೆ ಮಳೆ ಶುರು ಅಂತ ಅಲ್ಲಿನ ಮೆಕ್ಸಿಕನ್ ಕುಟುಂಬಗಳ ನಂಬಿಕೆ. ಒಣಗಿದ ಹಳ್ಳದಲ್ಲಿ ನೀವು ನಿಂತಿರ್ತೀರಿ, ತಲೆ ಮೇಲೆ ಆಕಾಶ ನೀಲಿ, ಆದ್ರೆ ದೂರದ ಬೆಟ್ಟದಲ್ಲಿ ಸುರಿದಿದ್ದು ಗೋಡೆ ಥರ ಬಂದು ಹೊಡೆಯುತ್ತೆ. ನನ್ನ ಕ್ಲೈಮ್ಯಾಕ್ಸ್ ಇದೇ: ಇಡೀ ಕಥೆ ನೀರಿಲ್ಲ ನೀರಿಲ್ಲ ಅಂತ ಒದ್ದಾಡಿ ಕೊನೆಗೆ ಒಂದೇ ಸಲ ನೀರು.

ಸ್ಟೆಪ್ 6: ಬಂದೂಕು

ಇರಲಿ, ಆ ಕಾಲದಲ್ಲಿ ಇತ್ತು. ಆದ್ರೆ ಸಮಸ್ಯೆ ಬಗೆಹರಿಸೋದು ಬಂದೂಕು ಆಗಬಾರದು. ನಿಜ ಹೇಳಬೇಕಂದ್ರೆ ಅರಿಜೋನಾದ ಟೂಂಬ್‌ಸ್ಟೋನ್ ಥರದ ಊರೊಳಗೆ ಪಿಸ್ತೂಲು ಇಟ್ಕೊಂಡು ಓಡಾಡೋದೇ ಕಾನೂನು ಪ್ರಕಾರ ತಪ್ಪಿತ್ತು. ಅಲ್ಲಿ 1881ರ ಅಕ್ಟೋಬರ್ 26ಕ್ಕೆ ನಡೆದ ಫೇಮಸ್ ಗುಂಡಿನ ಕಾಳಗ ಮೂವತ್ತು ಸೆಕೆಂಡಲ್ಲಿ ಮುಗೀತು, ಮೂರು ಜನ ಸತ್ರು, ಜಗಳದ ಒಂದು ಕಾರಣ ಆ ಕಾನೂನೇ. ನಮ್ಮ ಕಥೇಲಿ ರೂಲ್ ಮೂರು ಇದ್ಯಲ್ಲ, ಗುಂಡು ಹೊಡೆದ್ರೆ ಅದು ಓಡುತ್ತೆ, ದೊಡ್ಡೋರೆಲ್ಲ ಹೊಡೆದು ಹೊಡೆದು ಓಡಿಸಿದ್ದಕ್ಕೇ ಇಷ್ಟು ವರ್ಷ ಅದು ಅಲೀತಾ ಇದೆ.

ಸ್ಟೆಪ್ 7: ಚಾಪ್ಟರ್ ಪ್ಲಾನ್

ಹತ್ತು ಚಾಪ್ಟರ್, ಒಂದೊಂದು ಮಲಗೋ ಮುಂಚೆ ಓದಿ ಮುಗಿಸೋಷ್ಟು. ಮೊದಲ ಎರಡರಲ್ಲಿ ಗುರುತು ಮತ್ತೆ ನೀರು ಕಳುವು, ನಾಲ್ಕನೇದ್ರಲ್ಲಿ ದೂರದಿಂದ ನೋಡೋದು, ಆರನೇದ್ರಲ್ಲಿ ತಲೆಬುರುಡೆ, ಎಂಟರಲ್ಲಿ ರೋಸಾ ಒಬ್ಬಳೇ ಆಗೋದು, ಒಂಬತ್ತರಲ್ಲಿ ಹಳ್ಳ. ಉಳಿದಿದ್ದು ನಿಮ್ಮಿಷ್ಟ. ದೆವ್ವ ಪೂರ್ತಿಯಾಗಿ ಕಾಣೋದು ಎಂಟನೇ ಚಾಪ್ಟರಿಗಿಂತ ಮುಂಚೆ ಬೇಡ ಅಷ್ಟೇ.

ಸ್ಟೆಪ್ 8: ಹೆದರಿಸೋದು

"ಭಯಾನಕ" ಅನ್ನೋ ಪದ ಫೈಲಲ್ಲಿ ಸರ್ಚ್ ಮಾಡಿ, ಸಿಕ್ಕಿದ್ದೆಲ್ಲ ಡಿಲೀಟ್ ಮಾಡಿ. ಮೊದಲು ಪ್ರಾಣಿ, ಆಮೇಲೆ ಶಬ್ದ, ಆಮೇಲೆ ವಾಸನೆ, ಕಣ್ಣಿಗೆ ಕಾಣೋದು ಕೊನೆಗೆ. ನನ್ನ ಡ್ರಾಫ್ಟಿಂದ ಸ್ವಲ್ಪ (ಚೀಕಾ ಅಂದ್ರೆ ಗಾಡಿಯ ಹೇಸರಗತ್ತೆ):

"ಚೀಕಾ ಮೇಯೋದು ನಿಲ್ಲಿಸ್ತು. ಬಾಯಲ್ಲಿದ್ದ ಹುಲ್ಲು ಬಾಯಲ್ಲೇ ಇತ್ತು. ಎರಡೂ ಕಿವಿ ಹಳ್ಳದ ಕಡೆಗೆ ತಿರುಗಿದ್ವು. ರೋಸಾ ಕಿವಿಗೊಟ್ಟಳು, ಏನೂ ಇಲ್ಲ. ಆಮೇಲೆ ಚರ್ಮ ಉಜ್ಜೋ ಸದ್ದು, ಹಳೇ ಜೀನು ಕಿರುಗುಟ್ಟೋ ಹಾಗೆ, ಒಂದು ಹೆಜ್ಜೆಗೆ ಒಂದು ಸಲ. ಗೊರಸಿನ ಸದ್ದು ಮಾತ್ರ ಇರಲೇ ಇಲ್ಲ."

ಒಂಟೆ ಪಾದ ಮೆತ್ತಗೆ, ಅದಕ್ಕೇ ಸದ್ದಿಲ್ಲ. ಆದ್ರೆ ಓದೋ ಮಗುವಿಗೆ ಅದು ಆಗ ಗೊತ್ತಿರಲ್ಲ.

ಸ್ಟೆಪ್ 9: ಕನ್ನಡ ನಮಗೆ ಕೊಡೋ ಅಡ್ವಾಂಟೇಜ್

ಈ ವಿಷ್ಯ ನಂಗೆ ಮೂರನೇ ಡ್ರಾಫ್ಟಲ್ಲಿ ಹೊಳೀತು. ಕನ್ನಡದಲ್ಲಿ ದೆವ್ವ ಅಂದ್ರೆ "ಅದು". "ಅದು ಬಂತು, ಅದು ನೋಡ್ತು." ಒಂಟೆನೂ ಅದು, ದೆವ್ವಾನೂ ಅದು, ಹಾಗಾಗಿ ಎಂಟು ಚಾಪ್ಟರ್ ತನಕ ಎರಡೂ ಒಂದೇ ಅನ್ನೋ ಥರ ಬರ್ಕೊಂಡು ಹೋಗಬಹುದು, ಯಾರಿಗೂ ಡೌಟ್ ಬರಲ್ಲ. ಒಂಬತ್ತನೇದ್ರಲ್ಲಿ ರೋಸಾಗೆ ಬೆನ್ನ ಮೇಲಿರೋ ಬೂಟು ಕಾಣುತ್ತೆ, ಅದರ ಲೇಸನ್ನ ಅವಳಪ್ಪ ಕಟ್ಟೋ ಥರಾನೇ ಎರಡು ಗಂಟು ಹಾಕಿರುತ್ತೆ. ಆ ಸಾಲಿಂದ ಸರ್ವನಾಮ ಬದಲಾಗಬೇಕು. ಅಪ್ಪನ ಹತ್ರ ಓಡಿ ಬಂದು ಅವಳು "ಅದು ಬಂದಿದೆ" ಅನ್ನಲ್ಲ, "ಅಪ್ಪಾ, ಅವರಿಗೆ ಇಳಿಯೋಕೆ ಆಗ್ತಿಲ್ಲ" ಅಂತಾಳೆ. ವಿವರಣೆ ಏನೂ ಬೇಡ. ಆ ಒಂದು "ಅವರಿಗೆ" ಸಾಕು. ಅದಕ್ಕೆ ಹೇಳೋದು, ಆ ಜಾಗ ಬರೋ ತನಕ "ಅವನು, ಅವರು" ಅಂತ ಒಂದು ಕಡೇನೂ ತಪ್ಪಿ ಬರೀಬಾರದು, ನಾನು ನಾಲ್ಕು ಕಡೆ ಬರೆದಿದ್ದೆ, ಹುಡುಕಿ ತಿದ್ದೋಷ್ಟರಲ್ಲಿ ಸಾಕಾಯ್ತು.

ಡೈಲಾಗಿಗೆ ಬಂದ್ರೆ, ಕೌಬಾಯ್ ಮಾತು ಅಂತ ಇಂಗ್ಲಿಷ್ ಸಿನಿಮಾದ ಡೈಲಾಗನ್ನ ಪದಕ್ಕೆ ಪದ ಕನ್ನಡಕ್ಕೆ ಇಳಿಸಬೇಡಿ, ನಗು ಬರುತ್ತೆ. ಹಾಗೇ ಕಾಮಿಡಿಗೆ ಅಂತ ಒಬ್ಬ ಗಾಡಿಯವನಿಗೆ ಧಾರವಾಡದ ಮಾತೋ ಮಂಗಳೂರು ಮಾತೋ ಹಾಕೋದೂ ಬೇಡ. ಸಾದಾ ಮಾತು ಸಾಕು. ರೋಸಾ ಅಪ್ಪನಿಗೆ ನೀನು ಅಂತಾಳಾ ನೀವು ಅಂತಾಳಾ ಅನ್ನೋದನ್ನ ಮೊದಲೇ ತೀರ್ಮಾನ ಮಾಡಿ. ನಾನು ಅಪ್ಪನಿಗೆ ನೀನು, ಗಾಡಿ ಮಾಲೀಕನಿಗೆ ನೀವು ಇಟ್ಟೆ. ಸಲೂನ್, ಶೆರಿಫ್, ರ‍್ಯಾಂಚ್ ಹಾಗೇ ಇರಲಿ, ಮಕ್ಕಳಿಗೆ ಗೊತ್ತಿದೆ. ಲಗಾಮು, ಜೀನು, ಲಾಳ, ಪೀಪಾಯಿ ಇವೆಲ್ಲ ನಮ್ಮಲ್ಲೇ ಇದೆ, ಅದಕ್ಕೆ ಇಂಗ್ಲಿಷ್ ಯಾಕೆ.

ಸ್ಟೆಪ್ 10: ಓದಿ ಹೇಳಿ

ಮುಗಿದ ಮೇಲೆ ದೊಡ್ಡೋರಿಗೆ ಕಳಿಸಬೇಡಿ, ಚೆನ್ನಾಗಿದೆ ಅಂದ್ಬಿಡ್ತಾರೆ. ಎರಡು ಮೂರು ಮಕ್ಕಳನ್ನ ಕೂರಿಸಿ ಜೋರಾಗಿ ಓದಿ, ಲೈಟ್ ಆಫ್ ಮಾಡೋ ಗಿಮಿಕ್ ಏನೂ ಬೇಡ, ಹಗಲಲ್ಲೇ ಓದಿ. ಹಗಲಲ್ಲಿ ಹೆದರಿದ್ರೆ ಪಾಸು. ಕೈಯಲ್ಲಿ ಪೆನ್ಸಿಲ್ ಇರಲಿ, ಅವರು ಎಲ್ಲಿ ಅಲ್ಲಾಡ್ತಾರೋ ಅಲ್ಲೊಂದು ಗೆರೆ, ಎಲ್ಲಿ ಮಧ್ಯ ಬಾಯಿ ಹಾಕ್ತಾರೋ ಅಲ್ಲೊಂದು ಚುಕ್ಕಿ. ಗೆರೆ ಬಿದ್ದಿದ್ದನ್ನ ಕತ್ತರಿಸಿ, ಚುಕ್ಕಿ ಬಿದ್ದಲ್ಲಿ ಅವರು ಏನು ಕೇಳಿದ್ರು ಅಂತ ಬರ್ಕೊಳ್ಳಿ.

ನನ್ನ ಕೊನೆ ಓದಿನಲ್ಲಿ ಅಕ್ಕನ ಮಗ ಆಕಳಿಸಲಿಲ್ಲ. ಹಗ್ಗ ಕೊಯ್ದಾಯ್ತು, ಹಳ್ಳದ ಮೇಲಿನ ದಿಣ್ಣೇಲಿ ಗುಂಡಿ ತೋಡಾಯ್ತು, ಕಲ್ಲು ಪೇರಿಸಿ ಶಿಲುಬೆ ಇಟ್ಟಾಯ್ತು, ನಾನು ಗಂಟಲು ಸರಿ ಮಾಡ್ಕೊಂಡು "ಮುಗೀತು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, "ಮತ್ತೆ ಆ ಒಂಟೆ ನೀರು ಕುಡೀತಾ?" ಅಂದ. ಒಂಟೆ ವಿಷ್ಯ ನಾನು ಪೂರ್ತಿ ಮರ್ತೇಬಿಟ್ಟಿದ್ದೆ, ಅದು ಅಲ್ಲೇ ದಿಣ್ಣೆ ಹತ್ರ ನಿಂತ್ಕೊಂಡೇ ಇತ್ತು. ಅವತ್ತು ರಾತ್ರಿ ಕೂತು ಇನ್ನೊಂದು ಪುಟ ಬರೆದೆ.